ಮೈಗಳ್ಳರ ಮನಸ್ಸು

ದೇಹ ಮತ್ತು ಮನಸ್ಸಿನ ಸಂಬಂಧ ಕನ್ನಡ ವಿಮರ್ಶೆಗೆ ಹೊಸ ವಿಷಯವೇನಲ್ಲ. ನವ್ಯದವರು ಅದನ್ನು ಸಾಕಷ್ಟು ಅರೆದಿದ್ದಾರೆ. ಆದರೆ ಅವರು ಅರೆದದ್ದೆಲ್ಲ ಒಬ್ಬ ಮನುಷ್ಯನ ಒಳಜಗಳವನ್ನು. ಒಬ್ಬ ಆಚಾರ್ಯ, ಅವನೊಳಗೆ ಒಂದು ದೇಹ, ಒಂದು ಮನಸ್ಸು, ಎರಡಕ್ಕೂ ಆಗಿಬರುವುದಿಲ್ಲ. ದೇಹ ಗೆದ್ದರೆ ಬಿಡುಗಡೆ, ಮನಸ್ಸು ಗೆದ್ದರೆ ಆತ್ಮವಂಚನೆ ಎಂದು ತೀರ್ಪು. ನನ್ನ ತಕರಾರು ಇರುವುದು ಈ ಜಗಳ ನಡೆಯುವ ಸ್ಥಳದ ಬಗ್ಗೆ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಸೀಮೆಯಲ್ಲಿ ದೇಹವೂ ಮನಸ್ಸೂ ಒಂದೇ ಮನುಷ್ಯನೊಳಗೆ ಕೂತು ಜಗಳವಾಡಿದ್ದು ಕಡಿಮೆ. ಅವು ಬೇರೆ ಬೇರೆ ಮನೆಗಳಲ್ಲಿದ್ದವು. ಮನಸ್ಸು ಮಠದಲ್ಲಿ, ಅಗ್ರಹಾರದಲ್ಲಿ, ಗೌಡರ ಜಗಲಿಯಲ್ಲಿ ಇತ್ತು. ದೇಹ ಕೇರಿಯಲ್ಲಿತ್ತು. ನಡುವೆ ಒಂದು ಗದ್ದೆಬಯಲು, ಒಂದು ಸಂಕ, ಕೂಗಿದರೆ ಕೇಳಿಸುವಷ್ಟು ದೂರ. ಕೂಗು ಮಾತ್ರ ಯಾವಾಗಲೂ ಜಗಲಿಯಿಂದ ಕೇರಿಯ ಕಡೆಗೇ ಬರುತ್ತಿತ್ತು.

ಆಳುಗಳನ್ನು ಬಯ್ಯುವುದಕ್ಕೆ ಕನ್ನಡದಲ್ಲಿ 'ಮೈಗಳ್ಳ' ಎಂಬ ಮಾತಿದೆ. ನಾಡಿನಲ್ಲೆಲ್ಲ ಇರುವ ಮಾತೇ. ನಮ್ಮ ಕಡೆ ಅಡಿಕೆ ತೋಟದಲ್ಲಿ ದಿನಕ್ಕೆ ಹತ್ತು ಸಲ ಕೇಳಿಸುತ್ತದೆ. ನಮ್ಮ ವಿಮರ್ಶಕರು ಅಸ್ತಿತ್ವವಾದದ ಪರಿಭಾಷೆಗಾಗಿ ಪ್ಯಾರಿಸ್‌ವರೆಗೆ ಹೋಗಿಬಂದರು, ಈ ಒಂದು ಪದವನ್ನು ಬಿಡಿಸಿ ನೋಡಲಿಲ್ಲ. ಮೈಗಳ್ಳ ಎಂದರೆ ಮೈಯನ್ನು ಕದ್ದವನು. ಯಾರ ಮೈ? ಅವನದೇ. ತನ್ನ ಮೈಯನ್ನು ತಾನೇ ಇಟ್ಟುಕೊಂಡರೆ ಅದು ಕಳವು ಹೇಗಾಗುತ್ತದೆ? ಮೈ ಮೊದಲೇ ಇನ್ನೊಬ್ಬರ ಸ್ವತ್ತಾಗಿದ್ದರೆ ಮಾತ್ರ ಆಗುತ್ತದೆ. ನಮ್ಮ ಅವ್ವನಿಗೂ ಒಬ್ಬರ ತೋಟದಲ್ಲಿ ಈ ಬೈಗುಳ ಬಿದ್ದಿತ್ತು. ಮನೆಗೆ ಬಂದು ನಗಾಡುತ್ತಾ ಹೇಳಿದ್ದಳು: "ನನ್ ಮೈ ನಾನ್ ಕದ್ರೆ ಇವ್ರಪ್ಪನ ಗಂಟೇನ್ ಹೋಗ್ತದೆ?" ಅವಳಿಗೆ ಅದು ತಮಾಷೆಯ ಮಾತು. ನನಗೆ ಅದು ಒಂದು ಮೀಮಾಂಸೆಯ ಹಾಗೆ ಕೇಳಿಸುತ್ತದೆ. ಈ ಬರಹದ ಉಳಿದದ್ದೆಲ್ಲ ಆ ಮಾತಿನ ಬಾಲ.

ಗಂಟು ಹೋಗುತ್ತಿತ್ತು ಎನ್ನುವುದಕ್ಕೆ ಕಾಗದದ ಸಾಕ್ಷಿಯೇ ಇದೆ. 1897ರಲ್ಲಿ ಬಂದ ತನ್ನ ಮೈಸೂರು ಗೆಜೆಟಿಯರಿನಲ್ಲಿ ಬಿ.ಎಲ್. ರೈಸ್ ಮಲೆನಾಡಿನ ಹೊಲೆಯರ ಬಗ್ಗೆ ಬರೆಯುತ್ತಾ, ಇಲ್ಲಿ ಎರಡು ಬಗೆಯ ಗುಲಾಮರಿದ್ದರು ಎನ್ನುತ್ತಾನೆ. ಒಂದು 'ಹುಟ್ಟಾಳು': ಒಡೆಯನ ಮನೆತನದಲ್ಲೇ ಹುಟ್ಟಿ, ಆ ಮನೆತನಕ್ಕೇ ತಲೆಮಾರಿನಿಂದ ತಲೆಮಾರಿಗೆ ಸೇರಿದವನು. ಇನ್ನೊಂದು 'ಮಣ್ಣಾಳು': ಭೂಮಿಯ ಜೊತೆಗೆ ಮಾರಾಟವಾಗುವವನು, ಭೂಮಿಯ ಜೊತೆಗೇ ಕೊಳ್ಳಲ್ಪಡುವವನು. ಅಂದರೆ ಗದ್ದೆ ಕೈ ಬದಲಾಯಿಸಿದಾಗ ಹಾಳೆಗೆ ಒಂದು ಸಾಲು ಹೆಚ್ಚು ಬರೆದರೆ ಸಾಕು, ಮೈಯೂ ಕೈ ಬದಲಾಯಿಸಿತು. ಆ ಮೈಯೊಳಗೆ ಮನಸ್ಸೊಂದು ಇದ್ದರೆ ಅದನ್ನು ಯಾರ ಖಾತೆಗೆ ಬರೆಯಬೇಕು ಎಂಬ ಪ್ರಶ್ನೆ ಶಾನುಭೋಗರಿಗೂ ಬರಲಿಲ್ಲ, ತತ್ತ್ವಜ್ಞಾನಿಗಳಿಗೂ ಬರಲಿಲ್ಲ. 'ಆಳು' ಎಂಬ ಮಾತನ್ನೇ ನೋಡಿ. ಅದು ಮನುಷ್ಯ, ಅದು ಕೂಲಿಯವನು, ಅದು ಅಳತೆ ಕೂಡ. ಆಳೆತ್ತರ, ಆಳುದ್ದ, ಹತ್ತಾಳಿನ ಕೆಲಸ. ಬಾವಿಯ ನೀರನ್ನು, ಗದ್ದೆಯ ಕೆಲಸವನ್ನು ಅಳೆಯಲು ಬಳಕೆಯಾದ ಮೈ ಅದು. 1974ರ ಭೂಸುಧಾರಣೆ ಗೇಣಿದಾರರಿಗೆ ಗದ್ದೆ ಕೊಟ್ಟಿತು. ಗೇಣಿಯೂ ಇಲ್ಲದ ಆಳುಗಳಿಗೆ 1976ರ ಜೀತವಿಮುಕ್ತಿ ಕಾನೂನು ಅವರ ಮೈಯನ್ನು ವಾಪಸು ಕೊಟ್ಟಿತು, ಕಾಗದದ ಮೇಲೆ. ಬೈಗುಳ ಮಾತ್ರ ಹಾಗೇ ಉಳಿಯಿತು.

ಈಗ ಶೃಂಗೇರಿಗೆ ಬರೋಣ. ಅದು ಈ ಸೀಮೆಯ 'ಮನಸ್ಸು'. 1346ರಲ್ಲಿ ವಿಜಯನಗರದ ಹರಿಹರ ಮತ್ತು ಅವನ ತಮ್ಮಂದಿರು ಇಲ್ಲಿಗೆ ಬಂದು ಭೂಮಿ ದತ್ತಿ ಬಿಟ್ಟ ಶಾಸನವಿದೆ. ದೇಹ ಮಿಥ್ಯೆ, ಆತ್ಮವೊಂದೇ ಸತ್ಯ ಎಂಬ ದರ್ಶನದ ಪೋಷಣೆಗೆ ಕೊಟ್ಟದ್ದು ಗದ್ದೆ. ಗದ್ದೆಗೆ ಇಳಿಯುವ ಕಾಲು ಬೇಕಲ್ಲ? ಮಿಥ್ಯೆ ಎಂದರೆ ಇಲ್ಲವೇ ಇಲ್ಲ ಅಂತಲ್ಲ, ವ್ಯವಹಾರದಲ್ಲಿ ಅದು ಇದೆ ಎಂದು ಪಂಡಿತರು ತಿದ್ದುತ್ತಾರೆ. ಒಪ್ಪಿದೆ. ನಮ್ಮವರ ಬದುಕು ಪೂರಾ ಆ 'ವ್ಯವಹಾರ'ದೊಳಗೇ ಕಳೆದುಹೋಯಿತಲ್ಲ, ಅದನ್ನು ಎಲ್ಲಿ ತಿದ್ದುತ್ತೀರಿ?

ಅದ್ವೈತಕ್ಕೆ ಈ ಪ್ರಶ್ನೆ ಗೊತ್ತೇ ಇರಲಿಲ್ಲ ಎಂದರೆ ತಪ್ಪಾಗುತ್ತದೆ. ಶೃಂಗೇರಿ ಪರಂಪರೆಯಲ್ಲಿ ಮನ್ನಣೆಯಿರುವ ಮಾಧವೀಯ ಶಂಕರವಿಜಯದಲ್ಲಿ ಆ ಪ್ರಸಿದ್ಧ ಕಥೆ ಬರುತ್ತದೆ. ಕಾಶಿಯ ದಾರಿಯಲ್ಲಿ ಶಂಕರರಿಗೆ ನಾಲ್ಕು ನಾಯಿಗಳೊಂದಿಗೆ ಬರುವ ಚಂಡಾಲ ಎದುರಾಗುತ್ತಾನೆ. ಅತ್ತ ಸರಿ ಎನ್ನುತ್ತಾರೆ. ಚಂಡಾಲ ಕೇಳುತ್ತಾನೆ: ಸರಿಯಬೇಕಾದ್ದು ಯಾವುದು, ದೇಹವೋ, ಆತ್ಮವೋ? ದೇಹವಾದರೆ ನಿನ್ನದೂ ಅನ್ನದಿಂದಲೇ ಆದದ್ದು, ನನ್ನದೂ ಅನ್ನದಿಂದಲೇ. ಆತ್ಮವಾದರೆ ಒಂದೇ ಇರುವುದು ಎತ್ತ ಸರಿದೀತು? ಭಾರತೀಯ ದರ್ಶನದಲ್ಲಿ ದೇಹ-ಮನಸ್ಸಿನ ಪ್ರಶ್ನೆಯನ್ನು ಅಸ್ಪೃಶ್ಯತೆಯ ಪ್ರಶ್ನೆಯಾಗಿ ಇಷ್ಟು ನೇರ ಕೇಳಿದ ಇನ್ನೊಂದು ಗಳಿಗೆಯನ್ನು ನಾನು ಕಾಣೆ. ಶಂಕರರು ಒಪ್ಪುತ್ತಾರೆ, ಇಂಥ ಅರಿವುಳ್ಳವನು ಚಂಡಾಲನಾದರೂ ಗುರುವೇ ಎಂಬ ಭಾವದ 'ಮನೀಷಾ ಪಂಚಕ' ಹುಟ್ಟುತ್ತದೆ. ಆಮೇಲೆ? ಚಂಡಾಲ ಮಾಯ. ಅವನು ಶಿವ, ನಾಯಿಗಳು ನಾಲ್ಕು ವೇದಗಳು.

ಕಥೆ ಕೈಕೊಡುವುದು ಇಲ್ಲೇ. ಪ್ರಶ್ನೆ ಕೇಳುವಷ್ಟು ಮನಸ್ಸು ಚಂಡಾಲನಿಗೆ ಇದೆ ಎಂದು ಒಪ್ಪಿದ ಕೂಡಲೇ ಅವನು ಚಂಡಾಲನಾಗಿ ಉಳಿಯುವುದು ಕಥೆಗೆ ಕಷ್ಟವಾಗುತ್ತದೆ. ಅಷ್ಟು ಬುದ್ಧಿ ಇದ್ದಮೇಲೆ ಶಿವನೇ ಇರಬೇಕು! ದೇಹವನ್ನು ದಾರಿಯಿಂದ ಸರಿಸಲು ಆಗಲಿಲ್ಲವಾದ್ದರಿಂದ ಕಥೆಯಿಂದಲೇ ಸರಿಸಿದರು. ಮರುದಿನ ಅದೇ ದಾರಿಯಲ್ಲಿ ಬಂದ ನಿಜವಾದ ಚಂಡಾಲ ಯಾವ ಕಡೆ ಸರಿದ ಎಂಬುದನ್ನು ಯಾವ ವಿಜಯವೂ ಹೇಳುವುದಿಲ್ಲ.

ಅವನು ಯಾವ ಕಡೆ ಹೋದ ಎಂದು ಹುಡುಕಿದರೆ ನನಗೆ ಸಿಗುವುದು 'ಮಲೆಗಳಲ್ಲಿ ಮದುಮಗಳು'. ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ 1904ರಲ್ಲಿ ಹುಟ್ಟಿದ ಕುವೆಂಪು, ಪಕ್ಕದ ತೀರ್ಥಹಳ್ಳಿ ಸೀಮೆಯ ಕಾಡಿನಲ್ಲಿ ಇಟ್ಟ ಕಾದಂಬರಿ. ಅದು 1967ರಲ್ಲಿ ಬಂತು. ಅದರ ಬಾಗಿಲಲ್ಲೇ ಗುತ್ತಿ ಇದ್ದಾನೆ, ಜೊತೆಗೆ ನಾಯಿ. ಕಾಶಿಯವನಿಗೆ ನಾಲ್ಕು ನಾಯಿ, ಇವನಿಗೆ ಒಂದೇ, ಹುಲಿಯ. ಇವನಿಗೆ 'ನಾಯಿಗುತ್ತಿ' ಎಂದೇ ಹೆಸರು. ಇವನು ಮಾಯವಾಗುವುದಿಲ್ಲ. ಶಿವನೂ ಆಗುವುದಿಲ್ಲ. ಸಿಂಬಾವಿ ಹೆಗ್ಗಡೆಯವರ ಆಳಾಗಿ ಏರು ಹತ್ತುತ್ತಾನೆ, ಇಳಿಯುತ್ತಾನೆ, ಮಳೆಯಲ್ಲಿ ನೆನೆಯುತ್ತಾನೆ. ಅವನ ಹುಲಿಯ ವೇದವಲ್ಲ, ನಾಯಿ. ಆದ್ದರಿಂದಲೇ ಕೊನೆಗೆ ತುಂಗೆಯ ನೆರೆಯಲ್ಲಿ ಕೊಚ್ಚಿಹೋಗುತ್ತದೆ. ಶೃಂಗೇರಿಯ ಸೋಪಾನ ತೊಳೆದು ಬಂದ ನೀರೇ ಅದು.

ಗುತ್ತಿಯ ಬಗ್ಗೆ ಬರೆದವರೆಲ್ಲ ಅವನ ದೇಹವನ್ನು ಹೊಗಳಿದ್ದಾರೆ: ಅವನು ಕಾಡಿನ ಒಂದು ಭಾಗ, ನಿಸರ್ಗದ ಶಿಶು ಇತ್ಯಾದಿ. ಇದು ಹೊಗಳಿಕೆಯ ವೇಷದಲ್ಲಿ ಬಂದ ಹಳೇ ಗೆಜೆಟಿಯರು. ಮಣ್ಣಾಳನ್ನು ಮಣ್ಣಿಗೆ ಸೇರಿಸಿದಂತೆ ಇವರು ಗುತ್ತಿಯನ್ನು ಕಾಡಿಗೆ ಸೇರಿಸುತ್ತಾರೆ. ಕಾದಂಬರಿಯಲ್ಲಿ ಗುತ್ತಿ ಮಾಡುವ ಕೆಲಸವನ್ನು ಲೆಕ್ಕ ಹಾಕಿ. ಬೆಟ್ಟಳ್ಳಿ ಕೇರಿಯ ತಿಮ್ಮಿಯನ್ನು ಬಚ್ಚನಿಗೆ ಕೊಡಬೇಕೆಂದು ತೀರ್ಮಾನಿಸುವವರು ಬೆಟ್ಟಳ್ಳಿಯ ಗೌಡರು. ಯಾವ ಮೈ ಯಾವ ಮೈಯನ್ನು ಕೂಡಬೇಕು ಎಂಬುದೂ ಒಡೆಯನ ಲೆಕ್ಕಪುಸ್ತಕದ ವಿಷಯ, ಯಾಕೆಂದರೆ ಅಲ್ಲಿ ಹುಟ್ಟುವುದು ನಾಳೆಯ ಹುಟ್ಟಾಳು. ಗುತ್ತಿ ತಿಮ್ಮಿಯನ್ನು ರಾತ್ರೋರಾತ್ರಿ ಹಾರಿಸಿಕೊಂಡು ಹೋಗುತ್ತಾನೆ. ಇದು ಬರೀ ಕಾಮವಲ್ಲ, ಪ್ರಣಯಸಾಹಸವೂ ಅಲ್ಲ. ಎರಡು ಮೈಗಳ ಕಳವು. ನಮ್ಮ ಸಾಹಿತ್ಯದ ಅತ್ಯಂತ ದೊಡ್ಡ ಮೈಗಳ್ಳ ಗುತ್ತಿ! ದೇಹ ತನ್ನದೆಂದು ಮನಸ್ಸು ಹೇಳುವ ಗಳಿಗೆ ಅದು. ಕುವೆಂಪು ಅದನ್ನು ಕಂಡಿದ್ದರು. 'ಶೂದ್ರ ತಪಸ್ವಿ' (1944), 'ಬೆರಳ್‌ಗೆ ಕೊರಳ್' (1947) ನಾಟಕಗಳಿಗೆ ಅವರು ಆರಿಸಿಕೊಂಡದ್ದು ಮನಸ್ಸು ಮಾಡಿದ ತಪ್ಪಿಗೆ ಮೈ ದಂಡ ತೆರುವ ಕಥೆಗಳನ್ನೇ. ಶಂಬೂಕನ ತಲೆ, ಏಕಲವ್ಯನ ಹೆಬ್ಬೆರಳು. ವಿಮರ್ಶೆ ಮಾತ್ರ ಗುತ್ತಿಯ ತೋಳಿನ ಮೇಲೇ ಕಣ್ಣಿಟ್ಟು ಕೂತಿತು.

ಇನ್ನು 'ಸಂಸ್ಕಾರ' (1965). ದೇಹ-ಮನಸ್ಸಿನ ಚರ್ಚೆಗೆ ನಮ್ಮ ವಿಶ್ವವಿದ್ಯಾಲಯಗಳಲ್ಲಿ ಇದೇ ಆಕರಗ್ರಂಥ. 1970ರ ಸಿನಿಮಾವನ್ನೂ ಶೃಂಗೇರಿಯ ಹತ್ತಿರದ ವೈಕುಂಠಪುರದಲ್ಲೇ ತೆಗೆದರು. ನನಗೂ ಪದವಿಯಲ್ಲಿ ಕಾದಂಬರಿ ಪಠ್ಯವಾಗಿತ್ತು. ಮೇಷ್ಟರು ಒಂದು ವಾರ ಪ್ರಾಣೇಶಾಚಾರ್ಯರ ದ್ವಂದ್ವ ಬಿಡಿಸಿದರು. ಕಾಡಿನ ಕತ್ತಲಲ್ಲಿ ಚಂದ್ರಿಯ ಸ್ಪರ್ಶದಿಂದ ಆಚಾರ್ಯರ ದೇಹ ಎಚ್ಚರವಾಯಿತು, ಆ ಎಚ್ಚರದಿಂದ ಮನಸ್ಸಿನ ಗಂಟು ಸಡಿಲವಾಯಿತು ಎಂದು ಚೆನ್ನಾಗಿಯೇ ಹೇಳಿದರು. ಕೊನೆಗೆ ನಾನು ಕೇಳಿದೆ: "ಸಾರ್, ಕೇರೀಲಿ ಸತ್ತೋರ ಸಂಸ್ಕಾರ ಯಾರು ಮಾಡಿದ್ರು?" ತರಗತಿ ನಕ್ಕಿತು. ಆದರೆ ಉತ್ತರ ಕಾದಂಬರಿಯಲ್ಲೇ ಇದೆ. ಅಗ್ರಹಾರದಲ್ಲಿ ನಾರಣಪ್ಪನ ಹೆಣ ಕೊಳೆಯುತ್ತಾ ಬಿದ್ದಿದೆ. ಅದನ್ನು ಸುಡುವುದು ಯಾರು ಎಂಬ ಪ್ರಶ್ನೆಗೆ ಶಾಸ್ತ್ರ, ಮಠ, ಮಾರುತಿಯ ಗುಡಿ ಎಲ್ಲ ಸುತ್ತಿದರೂ ಉತ್ತರವಿಲ್ಲ. ಅದೇ ಪ್ಲೇಗಿನಲ್ಲಿ ಸತ್ತ ಹೊಲೆಯರನ್ನು ಕೇರಿಯವರು ಗುಡಿಸಲ ಸಮೇತ ಸುಟ್ಟು ಮುಗಿಸುತ್ತಾರೆ. ಕೆಲವೇ ಸಾಲುಗಳಲ್ಲಿ. ಒಂದು ಹೆಣ ಕಾದಂಬರಿಯಾಗುತ್ತದೆ, ಉಳಿದ ಹೆಣಗಳು ಬೂದಿಯಾಗುತ್ತವೆ. ನಾರಣಪ್ಪನ ಹೆಣವೂ ಕೊನೆಗೆ ಮನಸ್ಸಿನ ಜಿಜ್ಞಾಸೆಯಿಂದ ಸುಡಲಿಲ್ಲ. ಚಂದ್ರಿ ಹೋಗಿ ಮೀನು ಮಾರುವ ಅಹಮದ್ ಬ್ಯಾರಿಯ ಗಾಡಿ ತಂದಳು, ಸುಟ್ಟರು, ಆಯಿತು. ಆಚಾರ್ಯರಿಗೆ ಇದು ಗೊತ್ತೂ ಆಗುವುದಿಲ್ಲ.

ಬೆಳ್ಳಿಯ ವಿಷಯ ಇನ್ನೂ ಸೂಕ್ಷ್ಮ. ಅಗ್ರಹಾರದ ಗಂಡಸರ ಕಣ್ಣಲ್ಲಿ ಅವಳು ತಮ್ಮ ಒಣಗಿದ ಹೆಂಡಿರಿಗೆ ಎದುರಾದ ತುಂಬಿದ ಮೈ. ಚಂದ್ರಿಯನ್ನು ಕೂಡಿದ ಮೇಲೆ ಆಚಾರ್ಯರ ಕಲ್ಪನೆಯೂ, ಅದುವರೆಗೆ ಕಣ್ಣಿಗೇ ಬೀಳದಿದ್ದ ಹೊಲತಿಯರ ಮೈಗಳತ್ತ ಕೈ ಚಾಚುತ್ತದೆ. ವಿಮರ್ಶಕರು ಇದನ್ನು ಸಂವೇದನೆಯ ವಿಸ್ತಾರ ಎಂದರು. ನನಗೆ ಇದು ಹಳೆಯ ಹಕ್ಕುಪತ್ರದ ನವೀಕರಣದ ಹಾಗೆ ಕಾಣುತ್ತದೆ. ಮೊದಲು ಆ ಮೈ ಗದ್ದೆಗೆ ಬೇಕಿತ್ತು, ಈಗ ಆಚಾರ್ಯರ ಮುಕ್ತಿಗೂ ಬೇಕಾಯಿತು. ಅನಂತಮೂರ್ತಿ ಇದನ್ನು ಅರಿಯದೆ ಬರೆದರು ಎನ್ನಲಾರೆ. ಅವರ ವ್ಯಂಗ್ಯ ಅಗ್ರಹಾರವನ್ನು ಬಿಡುವುದಿಲ್ಲ. ಆದರೆ ಬೆಳ್ಳಿಯ ತಂದೆ ತಾಯಿ ಕಾಯಿಲೆ ಬಿದ್ದಾಗ ಬೆಳ್ಳಿಗೆ ಏನಾಯಿತು ಎಂಬಲ್ಲಿಗೆ ಆ ವ್ಯಂಗ್ಯಕ್ಕೂ ದಾರಿ ಗೊತ್ತಿಲ್ಲ.

'ಭಾರತೀಪುರ'ದಲ್ಲಿ (1973) ಅವರು ಆ ದಾರಿ ಹುಡುಕಿದರು. ಅದರ ಸಾಲಿಗ್ರಾಮದ ದೃಶ್ಯ ನನ್ನ ಮಟ್ಟಿಗೆ ಅವರ ಅತ್ಯಂತ ಪ್ರಾಮಾಣಿಕ ಬರಹ. ಜಗನ್ನಾಥ ದೇವರ ಮನೆಯಿಂದ ಸಾಲಿಗ್ರಾಮ ತಂದು ಹೊಲೆಯರ ಮುಂದೆ ಹಿಡಿದು, ಮುಟ್ಟಿ ಎನ್ನುತ್ತಾನೆ. ಅವರ ಕೈ ಏಳುವುದಿಲ್ಲ. ಅವನ ಕ್ರಾಂತಿ ನಿಮಿಷದಲ್ಲಿ ಸಿಟ್ಟಾಗುತ್ತದೆ, ಸಿಟ್ಟು ಆಜ್ಞೆಯಾಗುತ್ತದೆ. ಅವರು ಮುಟ್ಟುತ್ತಾರೆ, ಆಜ್ಞೆ ಪಾಲಿಸಿದಂತೆ. ಮನಸ್ಸು ಜಗನ್ನಾಥನದು, ಬೆರಳು ಅವರದು. ಜೀತದ ವ್ಯವಸ್ಥೆ ಕ್ರಾಂತಿಯಲ್ಲೂ ಹಾಗೇ ಮುಂದುವರಿಯಿತು! ಗೋಪಾಲ್ ಗುರು ಜೊತೆ 2012ರಲ್ಲಿ ಪುಸ್ತಕ ತಂದ ಸುಂದರ್ ಸಾರುಕ್ಕೈ, ಅಸ್ಪೃಶ್ಯತೆಯನ್ನು ಮುಟ್ಟಿಸಿಕೊಳ್ಳದವನ ಕಡೆಯಿಂದ ಮಾತ್ರವಲ್ಲ, ಮುಟ್ಟಲಾರದವನ ಕಡೆಯಿಂದಲೂ ನೋಡಬೇಕೆಂದು ವಾದಿಸುತ್ತಾರೆ. ಮಡಿಯುಟ್ಟವನೂ ಒಂದು ಬಗೆಯ ಅಸ್ಪೃಶ್ಯನೇ. ತಾತ್ತ್ವಿಕವಾಗಿ ಸರಿ. ಆದರೆ ಮಡಿಯವನು ಸಂಜೆಗೆ ಮಡಿ ಬಿಚ್ಚುತ್ತಾನೆ. ನಾವು ಬಿಚ್ಚಬೇಕಾದ್ದು ಚರ್ಮವನ್ನು.

ಚರ್ಮದ ಮಾತು ಬಂದದ್ದರಿಂದ ಬಾಳೆಹೊನ್ನೂರಿನ ಕಡೆ ಒಂದು ಹೆಜ್ಜೆ. ನರಸಿಂಹರಾಜಪುರ ತಾಲ್ಲೂಕಿನ ಆ ಊರಲ್ಲಿ ರಂಭಾಪುರಿ ಪೀಠವಿದೆ. ದೇಹವನ್ನು ಮಿಥ್ಯೆಯೆನ್ನದೆ ದೇಹದ ಮೇಲೇ ಲಿಂಗ ಧರಿಸುವ ಪರಂಪರೆ. ಹನ್ನೆರಡನೆಯ ಶತಮಾನದ ಶರಣರು ಇನ್ನೂ ಮುಂದೆ ಹೋಗಿ, ಹೊಲೆಯಿಲ್ಲದೆ ಹುಟ್ಟಿದ ದೇಹ ಯಾವುದಿದೆ ತೋರಿಸಿ ಎಂಬರ್ಥದ ಮಾತನ್ನು ಕೇಳಿದ್ದರು. ಎಲ್ಲರ ಹುಟ್ಟಿನ ಹೊಲೆಯನ್ನು ಒಂದೇ ಜಾತಿಯ ಹೆಸರು ಮಾಡಿದ್ದರ ಮೋಸ ಅವರಿಗೆ ಗೊತ್ತಿತ್ತು. ಆದರೂ ಹರಳಯ್ಯನ ಕಥೆ ನೋಡಿ: ಗಂಡ ಹೆಂಡತಿ ತಮ್ಮ ತೊಡೆಯ ಚರ್ಮ ಸುಲಿದು ಬಸವಣ್ಣನಿಗೆ ಚಮ್ಮಾಳಿಗೆ ಮಾಡುತ್ತಾರೆ. ಡಿ.ಆರ್. ನಾಗರಾಜ್ 1993ರ ತಮ್ಮ ಇಂಗ್ಲಿಷ್ ಪುಸ್ತಕಕ್ಕೆ ಈ ಉರಿಚಮ್ಮಾಳಿಗೆಯ ಹೆಸರನ್ನೇ ಇಟ್ಟರು. ಕಥೆ ದೊಡ್ಡದು, ನನ್ನ ಕಣ್ಣಲ್ಲೂ ನೀರು ಬರುತ್ತದೆ. ಒಂದು ಅನುಮಾನ ಮಾತ್ರ ಹೋಗುವುದಿಲ್ಲ. ಬಿಜ್ಜಳನ ಮಂತ್ರಿ ತನ್ನ ಭಕ್ತಿಯನ್ನು ಮಾತಿನಲ್ಲಿ ತೋರಿಸಿದರೆ ಸಾಕಿತ್ತು. ಹರಳಯ್ಯ ತನ್ನ ಮನಸ್ಸನ್ನು ತೋರಿಸಲು ಚರ್ಮವನ್ನೇ ಕೊಡಬೇಕಾಯಿತು.

ಜಾತಿ ಇಟ್ಟಿಗೆಯ ಗೋಡೆಯಲ್ಲ, ಅದು ಮನಸ್ಸಿನಲ್ಲಿರುವ ಒಂದು ಭಾವನೆ ಎಂದು ಅಂಬೇಡ್ಕರ್ 1936ರ 'ಜಾತಿ ವಿನಾಶ'ದಲ್ಲಿ ವಾದಿಸುತ್ತಾರೆ. ಇದನ್ನು ಸವರ್ಣ ಗೆಳೆಯರು ಬಹಳ ಇಷ್ಟಪಟ್ಟು ಬಳಸುತ್ತಾರೆ: ಮನಸ್ಸು ಬದಲಾದರೆ ಎಲ್ಲ ಸರಿಹೋಗುತ್ತದೆ ಎಂದು. ಆದರೆ ಅದೇ ಅಂಬೇಡ್ಕರ್ ಒಂಬತ್ತು ವರ್ಷ ಮೊದಲು, 1927ರ ಮಾರ್ಚ್ 20ರಂದು, ಮಹಾಡಿನ ಚೌಡಾರ್ ಕೆರೆಗೆ ಸಾವಿರಾರು ಜನರನ್ನು ಕರೆದುಕೊಂಡು ಹೋಗಿ ನೀರು ಕುಡಿದರು. ಭಾವನೆಯನ್ನು ಅಳಿಸಲು ಉಪನ್ಯಾಸ ಸಾಲದು, ನೀರು ಗಂಟಲಲ್ಲಿ ಇಳಿಯಬೇಕು. ಯಾರ ಮನಸ್ಸು ಬದಲಾಗಬೇಕು, ಅದಕ್ಕೆ ಯಾರ ಮೈ ಏಟು ತಿನ್ನಬೇಕು ಎಂಬ ಲೆಕ್ಕ ಅವರಿಗೆ ಸ್ಪಷ್ಟವಿತ್ತು. ಆ ದಿನ ಹಲ್ಲೆಯೂ ಆಯಿತು. 1986ರಲ್ಲಿ ಸೊರಬ ತಾಲ್ಲೂಕಿನ ಚಂದ್ರಗುತ್ತಿಯಲ್ಲಿ ಬೆತ್ತಲೆ ಸೇವೆ ತಡೆಯಲು ಹೋದ ದಲಿತ ಸಂಘರ್ಷ ಸಮಿತಿಯವರನ್ನೂ ಪೊಲೀಸರನ್ನೂ ಜನ ಹಿಡಿದು ಬೆತ್ತಲೆ ಮಾಡಿದರು. ಆಮೇಲೆ ಅನಂತಮೂರ್ತಿಯವರು ಬೆತ್ತಲೆ ಪೂಜೆ ಯಾಕೆ ಕೂಡದು ಎಂಬ ತಮ್ಮ ಹೆಸರಾಂತ ಪ್ರಶ್ನೆ ಎತ್ತಿದರು. ಆಧುನಿಕನ ಅಹಂಕಾರದ ಬಗ್ಗೆ ಅದು ಒಳ್ಳೆಯ ಪ್ರಶ್ನೆಯೇ. ಆದರೆ ಬೆತ್ತಲೆ ಹೊರಡುತ್ತಿದ್ದ ಮೈಗಳು ಹೆಚ್ಚಾಗಿ ಯಾವ ಜಾತಿಗಳವು ಎಂಬಲ್ಲಿಂದ ಅದು ಶುರುವಾಗಬೇಕಿತ್ತು.

2016ರ ಜನವರಿಯಲ್ಲಿ ಹೈದರಾಬಾದಿನಲ್ಲಿ ರೋಹಿತ್ ವೇಮುಲ ಬಿಟ್ಟುಹೋದ ಪತ್ರವನ್ನು ಈ ಎಲ್ಲ ಪುಸ್ತಕಗಳ ಪಕ್ಕದಲ್ಲಿಟ್ಟು ಓದಿದ್ದೇನೆ. ಮನುಷ್ಯನನ್ನು ಒಂದು ಓಟಿಗೆ, ಒಂದು ಸಂಖ್ಯೆಗೆ ಇಳಿಸಿದ್ದಾರೆ, ಅವನಿಗೆ ಮನಸ್ಸಿದೆ ಎಂದು ಯಾರೂ ನಡೆದುಕೊಳ್ಳಲಿಲ್ಲ ಎಂಬುದು ಅದರ ದುಃಖ. ತನ್ನ ಆತ್ಮಕ್ಕೂ ದೇಹಕ್ಕೂ ನಡುವೆ ದೂರ ಬೆಳೆಯುತ್ತಿದೆ ಎಂಬ ಅರ್ಥದ ಮಾತೂ ಅಲ್ಲಿದೆ. ಪ್ರಾಣೇಶಾಚಾರ್ಯರ ಬಿರುಕು ಅವರದೇ ತಪಸ್ಸಿನ ಫಲ. ಅದನ್ನು ಮುಚ್ಚಲು ಒಂದು ಕತ್ತಲ ರಾತ್ರಿ ಸಾಕಾಯಿತು. ವಿಜ್ಞಾನದ ಬಗ್ಗೆ ಬರೆಯಬೇಕೆಂದಿದ್ದ ಈ ಹುಡುಗನ ಬಿರುಕು ಹೊರಗಿನಿಂದ ಕೊಡಲಿ ಬಿದ್ದದ್ದು. ಎರಡನ್ನೂ 'ಅಸ್ತಿತ್ವದ ಬಿಕ್ಕಟ್ಟು' ಎಂಬ ಒಂದೇ ಮಾತಿನಿಂದ ಕರೆಯುವ ವಿಮರ್ಶೆ ನಮಗೆ ಬೇಡ.

ನರಸಿಂಹರಾಜಪುರದ ಕಡೆಯಿಂದ ಕೆಳಗೆ ಹರಿಯುವ ಭದ್ರೆ, ಭದ್ರಾವತಿ ಮುಟ್ಟುತ್ತದೆ. ದಲಿತ ಸಂಘರ್ಷ ಸಮಿತಿ 1970ರ ದಶಕದಲ್ಲಿ ಕಣ್ಣುಬಿಟ್ಟ ಊರು ಅದು. ಅಲ್ಲಿನ ಕಾಲೇಜಿನಲ್ಲಿ ಕನ್ನಡ ಮೇಷ್ಟರಾಗಿದ್ದ ಬಿ. ಕೃಷ್ಣಪ್ಪ ಅದರ ಸ್ಥಾಪಕ ಸಂಚಾಲಕರು. ಅದಕ್ಕೂ ಮುಂಚೆ 1973ರಲ್ಲಿ ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಎಂದಾಗ ನಾಡು ಹೊತ್ತಿ ಉರಿಯಿತು. ಬುದ್ಧಿಯ ಆಹಾರವನ್ನು ದನದ ಮೇವಿಗೆ ಹೋಲಿಸಿದ್ದೇ ಅಪರಾಧ. (ಬೂಸಾದಿಂದ ದನದ ಹೊಟ್ಟೆಯಾದರೂ ತುಂಬುತ್ತದೆ ಎಂದು ಯಾರೂ ಹೇಳಲಿಲ್ಲ.) 1979ರ ಧರ್ಮಸ್ಥಳ ಸಮ್ಮೇಳನದಲ್ಲಿ ದಲಿತ ಸಾಹಿತ್ಯಕ್ಕೆ ಒಂದು ಗೋಷ್ಠಿ ಕೇಳಿದಾಗ ಸಾಹಿತ್ಯದಲ್ಲಿ ದಲಿತ, ಬಲಿತ ಇಲ್ಲ ಎಂಬ ಧಾಟಿಯಲ್ಲಿ ಬಾಗಿಲು ಹಾಕಿದರು. ಸಾಹಿತ್ಯಕ್ಕೆ ಮೈಯಿಲ್ಲ, ಬರೀ ಮನಸ್ಸು ಎಂಬ ಅದೇ ಹಳೆಯ ಅದ್ವೈತ.

ಆ ಬಾಗಿಲ ಹೊರಗೇ ದೇವನೂರ ಮಹಾದೇವರ 'ಒಡಲಾಳ' ಇದೆ. ಅದು ನಂಜನಗೂಡು ಸೀಮೆಯ ಕೇರಿ, ಮಲೆನಾಡಲ್ಲ. ಆದರೂ ನನಗೆ ಅದು ಮನೆ. ಒಡಲು ಎಂದರೆ ಮೈ, ಹೊಟ್ಟೆ, ಬಸಿರು. ಆಳ ಎಂದರೆ ಮನಸ್ಸಿಗೆ ನಾವು ಕೊಡುವ ಗುಣ. ಶೀರ್ಷಿಕೆಯೇ ವಾದ ಮುಗಿಸುತ್ತದೆ. ಸಾಕವ್ವನ ಮನೆಯವರು ರಾತ್ರಿಯೆಲ್ಲ ಕೂತು ಕದ್ದ ಕಡಲೆಕಾಯಿ ತಿಂದು ಮುಗಿಸುತ್ತಾರೆ. ಅಲ್ಲಿ ಮಾತು, ಜಗಳ, ನಗು, ಹಳೇ ನೋವು ಎಲ್ಲ ಹೊಟ್ಟೆ ತುಂಬುತ್ತಾ ಬಂದಂತೆ ಒಂದೊಂದಾಗಿ ಹೊರಬರುತ್ತವೆ. ಆ ಮನೆಯ ಪುಟ್ಟಗೌರಿ ಗೋಡೆಯ ಮೇಲೆ ನವಿಲು ಬರೆಯುತ್ತಾಳೆ. ಪೊಲೀಸರು ಬಂದು ಜಾಲಾಡಿದರೆ ಸಿಪ್ಪೆ ಕೂಡ ಇಲ್ಲ. ಕಳವು ಮೈಯೊಳಗೆ ಸೇರಿಯಾಗಿದೆ. ಅಲ್ಲಿ ದೇಹದ ಆಸೆ ಒಂದು ಕಡೆ, ಮನಸ್ಸಿನ ಎತ್ತರ ಒಂದು ಕಡೆ ಎಂಬ ಗೆರೆಯನ್ನು ಎಲ್ಲಿ ಎಳೆಯುತ್ತೀರಿ? ನವಿಲು ಹಸಿವಿನದೋ, ಕಲ್ಪನೆಯದೋ?

ಇಷ್ಟೆಲ್ಲ ಹೇಳಿದ ಮೇಲೂ ತಿಮ್ಮಿಯ ಬಾಕಿ ಉಳಿಯುತ್ತದೆ. ಗುತ್ತಿ ತನ್ನ ಮೈ ಕದ್ದ ಎಂದೆ, ಅವಳ ಮೈಯನ್ನೂ ಸೇರಿಸಿ ಲೆಕ್ಕ ಹಾಕಿದೆ. ಗೌಡರ ಪುಸ್ತಕದಿಂದ ಗುತ್ತಿಯ ಪುಸ್ತಕಕ್ಕೆ ಅವಳ ಹೆಸರು ವರ್ಗವಾಯಿತೇ ಹೊರತು ಅವಳೇ ಒಂದು ಪುಸ್ತಕ ತೆರೆದಳೇ? ದಲಿತ ಗಂಡಸರ ವಿಮರ್ಶೆ ಇಲ್ಲಿ ಬೆಳ್ಳಿಯ ವಿಷಯದಲ್ಲಿ ಅಗ್ರಹಾರ ಮಾಡಿದ್ದನ್ನೇ ಮಾಡುತ್ತಾ ಬಂದಿದೆ. ಅವಳು ನಮ್ಮ ಅವಮಾನಕ್ಕೆ ಸಾಕ್ಷಿಯಾಗುವ ಮೈ, ಅಷ್ಟೇ. ಹೆಣ್ಣುಮಕ್ಕಳು ಈ ಬಾಕಿಗಾಗಿ ನಮ್ಮನ್ನು ಕಾಯುತ್ತಾ ಕೂತಿಲ್ಲ. ದು. ಸರಸ್ವತಿಯವರ 'ಸಣ್ತಿಮ್ಮಿ ರಾಮಾಯಣ' ನೋಡಿದವರಿಗೆ ಗೊತ್ತು: ಒಬ್ಬಳೇ ಹೆಂಗಸು ರಂಗದ ಮೇಲೆ ನಿಂತು, ಕೈ ಬೀಸಿ, ನಕ್ಕು, ಗದರಿ, ರಾಮಾಯಣವನ್ನು ಸಣ್ತಿಮ್ಮಿಯ ಮಾತಿನಲ್ಲಿ ಹೇಳಿ ಮುಗಿಸುತ್ತಾಳೆ. ಆ ತಿಮ್ಮಿಯಿಂದ ಈ ಸಣ್ತಿಮ್ಮಿಯವರೆಗೆ ಇರುವ ದಾರಿಯ ಬಗ್ಗೆ ಈ ಸಂಚಿಕೆಯಲ್ಲಿ ಒಂದು ಲೇಖನ ಬೇಕಿತ್ತು. ಅದನ್ನು ನಾನು ಬರೆಯುವುದಕ್ಕಿಂತ ಕೊಪ್ಪದ ಹಾಸ್ಟೆಲಿನಲ್ಲಿ ಕೂತು ಇದನ್ನು ಓದುವ ಯಾವಳಾದರೂ ತಂಗಿ ಬರೆದರೆ ಚೆನ್ನ.